ಏರೋಪ್ಲೇನ್ ಚಿಟ್ಟೆಯ ಹೆರಿಗೆ

ಗಡಿಯಾರ ರಿಪೇರಿಯವನಿಗೆ ಕೈ ಕಟ್ಟಿ ಕೂರುವುದೆಂದರೆ ಶಿಕ್ಷೆ. ಮೂವತ್ತು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂ ಎತ್ತಿದ ಆಸಾಮಿ. ನಿಂತುಹೋದದ್ದು ಏನು ಕಂಡರೂ ಬಿಚ್ಚಿ ನೋಡುವ ಚಟ. ಆ ಚಟದಿಂದಲೇ ಹೋದ ತಿಂಗಳು ಅಕ್ಕನ ಕೆಂಗಣ್ಣಿಗೆ ಗುರಿಯಾಗಿದ್ದ.

ಅಕ್ಕ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ತಾರಸಿಯ ಮೇಲೆ ಅವಳದೊಂದು ನೀರಿನ ತೊಟ್ಟಿ, ತೊಟ್ಟಿಯಲ್ಲಿ ಉದ್ದ ಕಡ್ಡಿಯ ಹುಲ್ಲು, ಹುಲ್ಲಿನ ಬುಡದಲ್ಲಿ ಏರೋಪ್ಲೇನ್ ಚಿಟ್ಟೆಯ ಎರಡು ಮರಿಗಳು. ಎಂಟು ತಿಂಗಳಿಂದ ಅವುಗಳ ಬೆಳವಣಿಗೆ ನೋಡುತ್ತಿದ್ದಳು. ನೋಡಲು ಕೆಸರು ಬಣ್ಣದ ಕುರೂಪಿಗಳು, ಆದರೆ ಅವುಗಳ ಕಸುಬು ನೋಡಬೇಕು. ಮುಖದ ಕೆಳಗೆ ಮಡಚಿಟ್ಟ ತುಟಿಯನ್ನು ಸರಕ್ಕನೆ ಚಾಚಿ, ಕಣ್ಣು ಮಿಟುಕಿಸುವಷ್ಟರಲ್ಲಿ ಸೊಳ್ಳೆಮರಿಯನ್ನು ಗುಳುಂ ಮಾಡುತ್ತಿದ್ದವು. ಹೆದರಿದರೆ ಹಿಂಬದಿಯಿಂದ ನೀರು ಚಿಮ್ಮಿಸಿ ಮುಂದಕ್ಕೆ ನುಗ್ಗುತ್ತಿದ್ದವು. ಮೊದಲನೆಯದು ಚಿಟ್ಟೆಯಾಗಲು ಕಡ್ಡಿ ಹತ್ತಿ, ಮೈಮೇಲಿನ ಸಿಪ್ಪೆ ಒಡೆದು, ಅರ್ಧಕ್ಕೆ ನಿಂತಾಗ, ಪಾಪ ಸಿಕ್ಕಿಹಾಕಿಕೊಂಡಿದೆ ಎಂದು ಇವನು ಚಿಮುಟದಿಂದ ಎಳೆದುಬಿಟ್ಟ. ರೆಕ್ಕೆ ಮುದುಡಿದ್ದು ಮುದುಡಿಯೇ ಉಳಿಯಿತು. ಅಕ್ಕ ಮೂರು ದಿನ ಮಾತು ಬಿಟ್ಟಳು.

ಈಗ ಉಳಿದದ್ದು ಒಂದೇ. ಅಕ್ಕನಿಗೆ ಮಂಡಿ ಆಪರೇಷನ್ ಆಗಿ ಮೆಟ್ಟಿಲು ಹತ್ತುವಂತಿರಲಿಲ್ಲ, ಕಾವಲು ಇವನ ಪಾಲಿಗೆ ಬಂತು. ಬೆಳ್ಳಂಬೆಳಗ್ಗೆ ಅದು ನೀರು ಬಿಟ್ಟು ಕಡ್ಡಿ ಹತ್ತಿತು. ಇದೂ ಕೆಟ್ಟರೆ ಅಕ್ಕನಿಗೆ ಮುಖ ತೋರಿಸುವುದು ಹೇಗೆ?

"ಬೆನ್ನು ಬಿರೀತು ಕಣೆ ಅಕ್ಕ," ಎಂದು ಮೆಟ್ಟಿಲ ಬಳಿ ಬಾಗಿ ಕೂಗಿದ. "ತಲೆ ಬಂತು, ಕಾಲೂ ಬಂತು."

"ಕೈ ಎಲ್ಲಿದೆ?" ಕೆಳಗಿಂದ ಅಕ್ಕ ಕೇಳಿದಳು.

"ಅದಕ್ಕೆಲ್ಲಿ ಕೈ?"

"ನಿನ್ನ ಕೈ ಕಣೋ."

ಇವನ ಕೈ ಜೇಬಿನೊಳಗೆ ಆಗಲೇ ಚಿಮುಟ ಹಿಡಿದಿತ್ತು. ಹುಳುವೋ, ಹಿಂದಕ್ಕೆ ಬಾಗಿ ತಲೆಕೆಳಗಾಗಿ ಜೋತುಬಿದ್ದು, ಬಾಲದ ತುದಿಯಷ್ಟನ್ನೇ ಸಿಪ್ಪೆಯಲ್ಲಿ ಉಳಿಸಿಕೊಂಡು ನಿಂತುಬಿಟ್ಟಿತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಅಲ್ಲಾಟವಿಲ್ಲ.

"ಸತ್ತೇ ಹೋಯ್ತು ಅನ್ಸುತ್ತೆ ಅಕ್ಕ. ಒಂಚೂರು ಎತ್ತಿ ಬಿಡ್ಲಾ?"

"ಕಾಲು ಗಟ್ಟಿಯಾಗ್ಲಿ ಅಂತ ಕಾಯ್ತಿದೆ. ನೀನೂ ಕಾಯಿ. ಮುಟ್ಟಿದ್ರೆ ನೋಡು."

ತನ್ನ ಮೇಲೆ ತನಗೇ ನಂಬಿಕೆಯಿರಲಿಲ್ಲ. ಚಿಮುಟ ತೆಗೆದು ಮೆಟ್ಟಿಲ ಕೆಳಕ್ಕೆ ಎಸೆದ. ಅದು ಟಣಟಣ ಎನ್ನುತ್ತ ಅಕ್ಕನ ತನಕ ಉರುಳಿತು.

ಆಗ ಹುಳು ಒಮ್ಮೆಲೇ ಸೊಂಟ ಮಡಚಿ ಮೇಲೆದ್ದು, ತಾನು ಬಿಟ್ಟ ಸಿಪ್ಪೆಯ ತಲೆಯನ್ನೇ ಆಧಾರಕ್ಕೆ ಹಿಡಿದು, ಬಾಲವನ್ನು ಹೊರಗೆಳೆದುಕೊಂಡಿತು. ಒದ್ದೆ ಕಾಗದದ ಉಂಡೆಯಂತಿದ್ದ ರೆಕ್ಕೆಗಳು ಮೆಲ್ಲಮೆಲ್ಲನೆ ನೀಳವಾಗಿ, ಬಿಸಿಲೇರುವ ಹೊತ್ತಿಗೆ ಒಣಗಿದವು. ನಾಲ್ಕರಲ್ಲೂ ಕೂದಲೆಳೆಯಂಥ ನರಗಳ ಬಲೆ, ತುದಿಗೊಂದೊಂದು ಚುಕ್ಕೆ. ತಲೆಯೆಲ್ಲ ಕಣ್ಣೇ. ಇಷ್ಟು ನಾಜೂಕಿನ ಕೆಲಸವನ್ನು ಅವನು ಯಾವ ಗಡಿಯಾರದ ಹೊಟ್ಟೆಯಲ್ಲೂ ಕಂಡಿರಲಿಲ್ಲ. ಯಾರ ಕೈಯೂ ತಾಗದೆ ಆಯಿತಲ್ಲ ಎಂದು ಹಿಗ್ಗಿದ. ಸ್ವಲ್ಪ ಅವಮಾನವೂ ಆಯಿತು.

ದಡದಡ ಇಳಿದು ಅಕ್ಕನನ್ನು ಅನಾಮತ್ತಾಗಿ ಎತ್ತಿಕೊಂಡು ಹತ್ತಿದ. "ಬೀಳಿಸ್ತೀಯ ಕಣೋ," ಎನ್ನುತ್ತಲೇ ಅವಳು ಅವನ ಕತ್ತು ಬಿಗಿಯಾಗಿ ಹಿಡಿದಳು. ಅವರು ಮೇಲೆ ತಲುಪಿದಾಗ ರೆಕ್ಕೆಗಳು ಹೊಳೆಯುತ್ತ ನಡುಗುತ್ತಿದ್ದವು. ನೋಡನೋಡುತ್ತಿದ್ದಂತೆ ಹುಳು ಕಡ್ಡಿ ಬಿಟ್ಟು, ಮೊದಲು ತುಸು ತೂರಾಡಿ, ಆಮೇಲೆ ಎದುರು ಮನೆಯ ಮಹಡಿ ದಾಟಿ ಹೋಯಿತು. ಅಕ್ಕನ ಕಣ್ಣು ತುಂಬಿತ್ತು.

"ನಿಜವಾಗ್ಲೂ ಮುಟ್ಲಿಲ್ವಾ?"

"ಇಲ್ಲ ಕಣೆ."

"ವಾರ್ಡಲ್ಲಿ ನನ್ನ ಪಕ್ಕ ನಿಲ್ಲಬಹುದಿತ್ತು ನೀನು," ಎಂದಳು ಅಕ್ಕ. ಅಷ್ಟು ವರ್ಷದ ನೌಕರಿಯಲ್ಲಿ ಒಬ್ಬ ಡಾಕ್ಟರಿಗೂ ಅವಳು ಆ ಮಾತು ಹೇಳಿದವಳಲ್ಲ.