ಚಲೋ ಹಾಲು

ಡೈರಿಯ ಮುಂದಿನ ಸಾಲು ಕರಗುವವರೆಗೂ ಮೇಘಾ ಕಂಬದ ಮರೆಯಲ್ಲೇ ನಿಂತಿದ್ದಳು. ಕೊನೆಯ ಕ್ಯಾನು ಹೋದ ಮೇಲೆ ಬಂದು, ಸೆರಗಿನೊಳಗಿನಿಂದ ಒಂದು ಪುಟ್ಟ ಲೋಟ ತೆಗೆದು ಕಟ್ಟೆಯ ಮೇಲಿಟ್ಟಳು. ತಳ ಮುಚ್ಚುವಷ್ಟು ಹಾಲು.

"ಇದೇನವಾ, ಆಡಿಂದೇನ?" ಎಂದಳು ಹಾಲು ತಪಾಸು ಮಾಡುವ ಸಕ್ಕೂಬಾಯಿ, ನಗುತ್ತ.

"ನಂದ್ರಿ."

ಸಕ್ಕೂಬಾಯಿಯ ನಗು ನಿಂತಿತು. ಮೇಘಾ ತಲೆ ಎತ್ತದೆ ಹೇಳಿದಳು: "ಮೂರು ತಿಂಗಳಾತು, ಕೂಸು ಮೈ ಹಿಡೀವಲ್ತು. ನಿನ್ನ ಹಾಲು ಬರೇ ನೀರು ಅಂತಾಳ ನಮ್ಮತ್ತಿ. ನಿಮ್ಮ ಮಷೀನಿನಾಗ ಒಮ್ಮಿ ನೋಡ್ರಿ."

ಹಾಲಿನ ಜಿಡ್ಡು ಅಳೆಯುವ ಆ ಯಂತ್ರ ಬಂದು ಎರಡು ವರ್ಷವಾಗಿತ್ತು. ಕಂಪನಿಯವನು ಒಂದು ಮಧ್ಯಾಹ್ನ ಕೂತು, ಇದನ್ನು ಒತ್ತು, ಅದನ್ನು ತೊಳಿ ಎಂದು ಹೇಳಿಕೊಟ್ಟು ಹೋಗಿದ್ದ. ಉಳಿದದ್ದನ್ನೆಲ್ಲ ಸಕ್ಕೂಬಾಯಿ ತಾನೇ ಕಲಿತಳು, ಅದೂ ಅಸೂಟಿಯ ಸಾಲಿಯಲ್ಲಿ ಏಳನೆಯ ಇಯತ್ತೆಗೇ ಪಾಟಿ ಬಿಟ್ಟವಳು. ನೀರು ಬೆರೆಸಿದವರನ್ನು ಹಿಡಿಯುವುದು ಹಾಗಿರಲಿ, ಅದಕ್ಕೆಂದೇ ಯಂತ್ರ ಇದ್ದದ್ದು. ಅವಳು ಯಂತ್ರ ಕೊಟ್ಟ ವಾರದ ಚೀಟಿಗಳನ್ನು ಜೋಡಿಸಿ ನೋಡಿ, "ಕಾಶೀಂಸಾಬ, ನಿನ್ನ ಎಮ್ಮಿಗೆ ಕೆಚ್ಚಲ ಬಾವು ಬರೂಹಂಗ ಐತಿ, ಲಗೂ ತೋರ್ಸು" ಎನ್ನುತ್ತಿದ್ದಳು. ಎಮ್ಮೆ ಇನ್ನೂ ಆರಾಮಾಗಿ ಮೇಯುತ್ತಿರುತ್ತಿತ್ತು. ಎರಡು ದಿನಕ್ಕೆ ಅವಳ ಮಾತು ಖರೆಯಾಗುತ್ತಿತ್ತು. ಊರು ಅವಳನ್ನು ಡಾಕ್ಟರಬಾಯಿ ಎನ್ನತೊಡಗಿತು, ಮೊದಲು ಚೇಷ್ಟೆಗೆ, ಆಮೇಲೆ ಭಕ್ತಿಯಿಂದಲೇ. ಅವಳಿಗೂ ಆ ಹೆಸರು ಹಿತವಾಗಿತ್ತು, ಸುಳ್ಳೇಕೆ ಹೇಳಬೇಕು.

ಲೋಟವನ್ನು ನಳಿಕೆಗೆ ಹಿಡಿದಳು. ಯಂತ್ರ ಗುರ್ರೆಂದು ಚೀಟಿ ಉಗುಳಿತು.

"ಫ್ಯಾಟ್ ನಾಕರ ಮ್ಯಾಲ ಐತಲ್ಲ ಹುಡುಗಿ! ಇದನ್ನ ಒಯ್ದು ನಿಮ್ಮತ್ತಿ ಮುಖಕ್ಕ ಹಿಡಿ."

ಮೇಘಾ ಅತ್ತುಬಿಟ್ಟಳು. ಬಾಣಂತಿಯಾದ ಮೇಲೆ ಅವಳು ಕೇಳಿದ ಮೊದಲ ಒಳ್ಳೆಯ ಮಾತು ಅದು. ಕಣ್ಣೊರೆಸಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು. "ಕುಡಿಯುವಾಗ ಕೂಸಿನ ಹಣಿ ಭಾಳ ಬೆವರ್ತೈತ್ರಿ. ನಾಕು ಗುಟುಕಿಗೆ ದಣದು ಬಿಟ್ಟಬಿಡ್ತೈತಿ. ರೋಣಕ್ಕ ದವಾಖಾನಿಗೆ ಒಯ್ಯಲೇನ್ರಿ?"

"ಬ್ಯಾಸಗಿ ಐತಿ, ಬೆವರದ ಏನ್ ಮಾಡ್ತೈತಿ? ಹಾಲಿನಾಗ ಏನೂ ಕೊರತಿ ಇಲ್ಲ. ಮೈ ಹಿಡಿತೈತಿ ಹೋಗು," ಎಂದು ಸಕ್ಕೂಬಾಯಿ ನಳಿಕೆ ತೊಳೆಯತೊಡಗಿದಳು.

ಮೇಘಾಳ ಅತ್ತೆ ಸಿದ್ದಲಿಂಗವ್ವ ಚೀಟಿ ನೋಡಿ ಬಾಯಿ ಮುಚ್ಚಿದಳು. ದವಾಖಾನೆಯ ಮಾತು ಬಂದಾಗಲೆಲ್ಲ ಈಗ ಅವಳೇ "ಡಾಕ್ಟರಬಾಯಿನ ಹೇಳ್ಯಾಳಲ್ಲ" ಎನ್ನುತ್ತಿದ್ದಳು. ಸುದ್ದಿ ಹರಡಿ ಇನ್ನೂ ಮೂವರು ಬಾಣಂತಿಯರು ಸೆರಗಿನಲ್ಲಿ ಲೋಟ ಮುಚ್ಚಿಕೊಂಡು ಬಂದುಹೋದರು.

ಎರಡು ತಿಂಗಳ ಮೇಲೆ ಒಂದು ಮುಂಜಾನೆ ಕೂಸಿನ ತುಟಿ ನೀಲಿಗಟ್ಟಿತು. ರೋಣದವರು ಗದಗಿಗೆ ಕಳಿಸಿದರು. ಗುಂಡಿಗೆಯಲ್ಲಿ ಹುಟ್ಟಿನಿಂದಲೇ ತೂತು ಇತ್ತಂತೆ. ಎರಡು ತಿಂಗಳು ಮೊದಲೇ ತಂದಿದ್ದರೆ ಉಳಿಸಬಹುದಿತ್ತು ಎಂದರಂತೆ ಡಾಕ್ಟರು. ಮರುದಿನ ಕೂಸನ್ನು ಹೊಲದಲ್ಲಿ ಮಣ್ಣು ಮಾಡಿದರು.

ಸಕ್ಕೂಬಾಯಿ ಮೇಘಾಳ ಮನೆಯತ್ತ ಹೋಗಲಿಲ್ಲ. ಯಂತ್ರ ಸುಳ್ಳು ಹೇಳಿರಲಿಲ್ಲ. ಹಾಲು ಕೊಟ್ಟಿದ್ದಕ್ಕೆ ಅದು ಹಾಲಿನ ಸಂಗತಿ ಹೇಳಿತ್ತು. ಕೂಸಿನ ಸಂಗತಿ ಹೇಳಿದವಳು ತಾನು.

ಐದನೆಯ ದಿನ ಸಂಜೆ ಮೇಘಾ ಡೈರಿಗೆ ಬಂದಳು. ಸಾಲು ಇನ್ನೂ ಇತ್ತು, ಜನ ತಾವಾಗಿಯೇ ಸರಿದು ದಾರಿ ಬಿಟ್ಟರು. ಅವಳ ಕುಪ್ಪಸ ಎರಡೂ ಕಡೆ ತೊಯ್ದಿತ್ತು. ಎಲ್ಲರೂ ನೋಡುವಂತೆ ಕೈಯಲ್ಲಿ ಬಟ್ಟಲು ತುಂಬ ಹಾಲು ಹಿಡಿದಿದ್ದಳು.

ಸಕ್ಕೂಬಾಯಿ ಎದ್ದು ನಿಂತಳು. ಬೈಗುಳಕ್ಕೆ, ಏಟಿಗೂ ಸಿದ್ಧಳಾಗಿದ್ದಳು. ಅಷ್ಟಾದರೂ ಆಗಲಿ ಎಂದು ಒಳಗೊಳಗೇ ಬೇಡುತ್ತಿದ್ದಳು.

ಮೇಘಾ ಬೈಯಲಿಲ್ಲ.

"ನಿಲ್ಲವಲ್ತ್ರಿ," ಎಂದಳು. "ಎದಿ ಕಟ್ಟಿ ಬ್ಯಾನಿ ಆಗ್ತೈತಿ, ಹಿಂಡಿ ತಗೀತೀನಿ. ಬಚ್ಚಲಕ್ಕ ಚೆಲ್ಲು ಅಂತಾಳ ಅತ್ತಿ. ಚಲೋ ಹಾಲು ಅಂತ ನೀವ ಹೇಳಿದ್ರಿ. ಹ್ಯಾಂಗ ಚೆಲ್ಲಲಿ?"

ಸಕ್ಕೂಬಾಯಿ ಎರಡೂ ಕೈಯಿಂದ ಬಟ್ಟಲು ಇಸಿದುಕೊಂಡಳು. ಹಾಲು ಇನ್ನೂ ಬೆಚ್ಚಗಿತ್ತು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ತಮ್ಮ ಕ್ಯಾನುಗಳನ್ನು ನೆಲಕ್ಕಿಳಿಸಿದರು.