ಇಪ್ಪತ್ತೆರಡು ಹಲ್ಲಿನ ಚಕ್ರ

ಆ ದಿನ ಬೆಳಗಿನ ಜಾವ ಸಾಣಾಪುರದ ಕೆರೆಯ ಮೇಲೆ ಮಂಜು ಕೂತಿತ್ತು. ಕಾರ್ತಿಕದ ಚಳಿ. ಗಾಳಿ ಇನ್ನೂ ಎದ್ದಿರಲಿಲ್ಲ. ಸುತ್ತಲಿನ ಬಂಡೆಗಳ ನೆತ್ತಿ ಕಾಣುತ್ತಿತ್ತು, ಬುಡ ಕಾಣುತ್ತಿರಲಿಲ್ಲ. ದಂಡೆಯ ಮೇಲೆ ಬರಿಮೈಯಲ್ಲಿ ನಿಂತು ನಡುಗುತ್ತಿದ್ದವರ ನಡುವೆ ಸೈಕಲ್ ಅಂಗಡಿಯ ಯಂಕೋಬನೂ ಇದ್ದ. ಅವನು ಚಳಿಗೆ ನಡುಗುತ್ತಿದ್ದಾನೆ ಎಂದು ಎಲ್ಲರೂ ತಿಳಿದರು. ಅವನಿಗೆ ಚಳಿಯ ಅರಿವೇ ಇರಲಿಲ್ಲ. ಹಿಂದಿನ ಸಂಜೆ ತನ್ನ ಕೈ ಮಾಡಿದ ಕೆಲಸವೊಂದು ಕಣ್ಣಮುಂದಿನಿಂದ ಕದಲುತ್ತಿರಲಿಲ್ಲ.

ಅದು ಎಂಬತ್ಮೂರನೆಯ ಇಸವಿ. ಊರಿನ ತರುಣ ಸಂಘದ ವಿರೂಪಾಕ್ಷಪ್ಪ, ಪರದೇಶದಲ್ಲಿ ಇಂಥದೊಂದು ಪಂದ್ಯ ನಡೆಯುತ್ತದೆಂದು ಪೇಪರಿನಲ್ಲಿ ಓದಿ, ನಮ್ಮ ಸೀಮೆಯಲ್ಲೂ ಆಗಲೇಬೇಕೆಂದು ಹಟ ಹಿಡಿದಿದ್ದ. ಮೊದಲು ಕೆರೆ ಈಜಬೇಕು. ಆಮೇಲೆ ಸೈಕಲ್ ಹತ್ತಿ ಗಂಗಾವತಿ, ತಾವರಗೇರಾ, ಕುಷ್ಟಗಿ, ಯಲಬುರ್ಗಾ ಬಳಸಿ ಕೊಪ್ಪಳ ಮುಟ್ಟಬೇಕು. ಕೊನೆಗೆ ಸೈಕಲ್ ಬಿಟ್ಟು ಕೊಪ್ಪಳದ ಕೋಟೆ ಗುಡ್ಡವನ್ನು ಓಡಿ ಹತ್ತಬೇಕು. ಮೊದಲು ಹತ್ತಿದವನಿಗೆ ಬೆಳ್ಳಿ ಕಡಗ.

"ಇದು ಮನುಷ್ಯಾರು ಮಾಡೂ ಕೆಲಸ ಅಲ್ಲೋ, ಹನುಮಪ್ಪ ಮಾಡೂದು" ಎಂದು ಕಟ್ಟೆಯ ಮೇಲೆ ಕೂತು ಊರಿನ ಸುದ್ದಿಯೆಲ್ಲ ಜಗಿಯುವ ಹೊಳಿಯಪ್ಪ ನಕ್ಕಿದ್ದ. ಆದರೂ ಹೆಸರು ಕೊಟ್ಟವರಿಗೆ ಬರವಿರಲಿಲ್ಲ.

ಹೆಸರು ಕೊಟ್ಟವರೆಲ್ಲ ಮೊದಲು ಬಂದದ್ದು ಯಂಕೋಬನ ಅಂಗಡಿಗೆ. ತಗಡಿನ ಚಪ್ಪರದ ಕೆಳಗೆ ಕೂತು ಪಂಕ್ಚರ್ ತಿದ್ದುತ್ತ, ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತ ಬದುಕು ಸಾಗಿಸುವವನು ಅವನು. ಸೈಕಲ್ಲಿನ ವಿಷಯದಲ್ಲಿ ಅವನ ಮಾತಿಗೆ ಊರು ಎದುರಾಡುತ್ತಿರಲಿಲ್ಲ.

"ಯಾವ ಸೈಕಲ್ ತಗೊಳ್ಳೂದೋ ಯಂಕೋಬಾ?"

"ಡಬಲ್ ಬಾರಿಂದು ಬ್ಯಾಡ, ಕಬ್ಬಿಣದ ಹೆಣ ಅದು. ಒಂಟಿ ಬಾರಿಂದು ತಗೊ. ಕ್ಯಾರಿಯರ್ ಬಿಚ್ಚು, ಮಡ್‌ಗಾರ್ಡ್ ಬಿಚ್ಚು, ಸ್ಟ್ಯಾಂಡ್ ಬಿಚ್ಚು."

"ಬೆಲ್ಲೂ ಬಿಚ್ಚಲಾ?"

"ಬೆಲ್ ಇರ್ಲಿ. ತಾವರಗೇರಾದಾಗ ಎಮ್ಮಿ ಅಡ್ಡ ಬಂದ್ರ ನಿಮ್ಮಪ್ಪನ ಹೆಸರು ಹೇಳಿ ಒದರ್ತಿ ಏನು?"

ಆದರೆ ನಿಜವಾದ ಆಯ್ಕೆ ಇದ್ದದ್ದು ಹಿಂದಿನ ಗಾಲಿಯ ನಡುವೆ ಕೂಡುವ ಹಲ್ಲಿನ ಚಕ್ರದಲ್ಲಿ. ಫ್ರೀವೀಲ್ ಅನ್ನುತ್ತಾರೆ ಅದಕ್ಕೆ. ದಾರಿಯಲ್ಲಿ ಗೇರು ಬದಲಿಸುವ ಸೈಕಲ್ಲನ್ನು ಆಗ ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಹಲ್ಲು ಕಡಿಮೆಯಿದ್ದರೆ ಸಪಾಟು ದಾರಿಯಲ್ಲಿ ಸೈಕಲ್ ಹಾರುತ್ತದೆ, ಏರಿನಲ್ಲಿ ಮೊಣಕಾಲು ಮುರಿಯುತ್ತದೆ. ಹಲ್ಲು ಹೆಚ್ಚಿದ್ದರೆ ಸಪಾಟಿನಲ್ಲಿ ಕಾಲು ಸುಮ್ಮನೆ ಗಿರಗಿರ ತಿರುಗುತ್ತದೆ, ಏರಿನಲ್ಲಿ ಮಾತ್ರ ಇರುವೆಯ ಹಾಗೆ ನಿಲ್ಲದೆ ಹತ್ತಿಸುತ್ತದೆ. ಮುಂದೆ ಯಾವ ಏರು ಬರುತ್ತದೆಂದು ಮನೆಯಲ್ಲೇ ಯೋಚಿಸಿ ಒಂದನ್ನು ಕೂಡಿಸಿಕೊಂಡರೆ, ಕೊನೆಯ ತನಕ ಅದೇ ಗತಿ.

ತಾನೂ ಹೆಸರು ಕೊಟ್ಟಿದ್ದ ಯಂಕೋಬನಿಗೆ ಆ ದಾರಿ ಗೊತ್ತಿತ್ತು. ಕುಷ್ಟಗಿ ದಾಟಿದ ಮೇಲೆ ಏರಿನ ಮೇಲೆ ಏರು, ಮೇಲಾಗಿ ಎದುರು ಗಾಳಿ. ಅಲ್ಲಿ ಹದಿನೆಂಟು ಹಲ್ಲಿನ ಚಕ್ರ ನಡೆಯುವುದಿಲ್ಲ, ಇಪ್ಪತ್ತೆರಡರದೇ ಬೇಕು. ಗಂಗಾವತಿಯ ಅಂಗಡಿಗಳಲ್ಲಿ ಕೇಳಿ ಬಂದ. ಇರಲಿಲ್ಲ. ಹುಬ್ಬಳ್ಳಿಯಿಂದ ತರಿಸಲು ಹೊತ್ತು ಮೀರಿತ್ತು. ಈಜಿನಲ್ಲಿ ಅವನನ್ನು ಹಿಂದೆ ಹಾಕುವವರಿರಲಿಲ್ಲ. ಆದರೆ ನೆಲದ ಮೇಲೆ ಒಮ್ಮೆಯೂ ಯಾರನ್ನೂ ಗೆದ್ದವನಲ್ಲ. "ನೀರಾಗ ಮೀನ, ದಂಡಿಗೆ ಬಂದ್ರ ಆಮಿ" ಎಂದು ಹೊಳಿಯಪ್ಪ ಹೋದಲ್ಲಿ ಬಂದಲ್ಲಿ ಆಡಿಕೊಳ್ಳುತ್ತಿದ್ದ. ಆ ಮಾತು ಅವನ ಎದೆಯಲ್ಲಿ ಮುರಿದ ಮುಳ್ಳಿನಂತೆ ಕೂತಿತ್ತು.

ಊರಲ್ಲಿ ಇಪ್ಪತ್ತೆರಡು ಹಲ್ಲಿನ ಚಕ್ರ ಇದ್ದದ್ದು ಒಂದೇ ಸೈಕಲ್ಲಿಗೆ. ಪಕ್ಕದ ಮನೆಯ ಹೇಮಪ್ಪನದು. ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುವ ಹೇಮಪ್ಪನಿಗೆ ತಾಯಿ ಮುದುಕವ್ವನೇ ದೇವರು. ಅವಳ ಮೊಣಕಾಲು ಹಿಡಿದುಹೋಗಿ, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪ್ರತಿ ಹುಣ್ಣಿಮೆಗೆ ತಾಯಿಯನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡು, ಗುಡ್ಡದ ಏರು ಹತ್ತಿಸಿ, ಹುಲಿಗಿಯ ಹುಲಿಗೆವ್ವನ ದರ್ಶನ ಮಾಡಿಸಿ ತರುತ್ತಿದ್ದ. ಆ ಏರಿಗಾಗಿಯೇ ಆ ಚಕ್ರವನ್ನು ಹುಬ್ಬಳ್ಳಿಯಿಂದ ತರಿಸಿದ್ದ. ಹಳೆಯದಾಗಿ ಅದರೊಳಗಿನ ಹಲ್ಲಿಗೆ ಸಿಕ್ಕುವ ನಾಲಿಗೆಯೊಂದು ಸವೆದು, ತುಳಿಯುವುದು ಬಿಟ್ಟು ಗಾಲಿ ತಿರುಗುವಾಗ ಟಿಕ್‌ಟಕ್ಕ... ಟಿಕ್‌ಟಕ್ಕ... ಎಂದು ಕುಂಟುವ ಸಪ್ಪಳ ಮಾಡುತ್ತಿತ್ತು. ಮುದುಕವ್ವನಿಗೆ ಅದು ಮಗನ ದನಿಯಿದ್ದಂತೆ. ಸೈಕಲ್ ಊರಬಾಗಿಲು ಹೊಕ್ಕರೆ ಸಾಕು, "ನನ್ನ ಹೇಮ ಅಗಸಿ ದಾಟಿದ, ಚಾಕ್ಕ ಇಡ್ರಿ" ಎನ್ನುವಳು. ಹೆಜ್ಜೆ ಕೇಳಿಯೇ ಯಾರು ಬಂದರೆಂದು ಹೆಸರು ಹಿಡಿದು ಕರೆಯುವ ಕಿವಿ ಅವಳದು.

ಪಂದ್ಯದ ಹಿಂದಿನ ಸಂಜೆ ಹೇಮಪ್ಪ ಅಂಗಡಿಗೆ ಬಂದ. ಅವನೂ ಹೆಸರು ಕೊಟ್ಟಿದ್ದ.

"ಯಂಕೋಬಾ, ನಂದು ಹಳೇ ಚಕ್ರ. ಇದ ಇರ್ಲೋ, ಬ್ಯಾರೆ ಹಾಕ್ತೀಯೋ? ನೀ ಹೆಂಗ ಹೇಳಿದ್ರ ಹಂಗ."

ಯಂಕೋಬ ಸೈಕಲ್ಲನ್ನು ತಿರುವಿಹಾಕಿ, ಗಾಲಿ ತಿರುಗಿಸಿ, ಆ ಕುಂಟು ಸಪ್ಪಳ ಕೇಳಿದ. ಇದೇ ಇರ್ಲಿ ಹೇಮಣ್ಣ, ಇದ ನಿನ್ನ ಗೆಲ್ಲಿಸತೈತಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊರಬಿದ್ದದ್ದು ಬೇರೆ.

"ಇದು ಮುದುಕರ ಚಕ್ರ, ಹೇಮಣ್ಣ. ಸಪಾಟ ದಾರ್ಯಾಗ ಹಿಂದ ಬೀಳ್ತಿ. ನನ್ನ ಹತ್ರ ಹೊಸಾದು ಹದಿನೆಂಟರದು ಐತಿ, ಹಾಕಿಕೊಡ್ತೀನಿ. ಹಳೇದು ಇಲ್ಲೇ ಇರ್ಲಿ, ಅದಲಿ ಬದಲಿ."

"ಹಳೇದಕ್ಕ ಹೊಸಾದು ಕೊಡ್ತೀಯೇನೋ! ನಿನ್ನ ಋಣ ಹೆಂಗ ತೀರಿಸ್ಲಿ ತಮ್ಮಾ?"

ಸೈಕಲ್ ಬೆಳಿಗ್ಗೆ ಕೆರೆಯ ದಂಡೆಗೇ ತಂದುಕೊಡುತ್ತೇನೆ ಎಂದು ಹೇಳಿ ಯಂಕೋಬ ಅವನನ್ನು ಕಳಿಸಿದ. ಆಮೇಲೆ ಆ ಹಳೆಯ ಚಕ್ರವನ್ನು ತನ್ನ ಸೈಕಲ್ಲಿಗೆ ಕೂಡಿಸಿ, ಚೈನಿಗೆ ಒಂದೆರಡು ಕೊಂಡಿ ಹೆಚ್ಚಿಗೆ ಹಾಕಿದ. ಅಂಗಡಿಯ ಹನುಮಪ್ಪನ ಪಟಕ್ಕೆ ಅಂದು ಊದಿನಕಡ್ಡಿ ಹಚ್ಚಲಿಲ್ಲ. ಮರೆತನೋ, ಮುಖ ಎತ್ತಿ ನೋಡಲಾರದೆ ಬಿಟ್ಟನೋ, ಶಿವನೇ ಬಲ್ಲ.

ಮರುದಿನ ನೀರಿನಿಂದ ಮೊದಲು ಎದ್ದವನು ಯಂಕೋಬನೇ. ಆದರೆ ಗಂಗಾವತಿ ದಾಟಿ ತಾವರಗೇರಾ ಕಡೆ ಹೊರಳುವಷ್ಟರಲ್ಲಿ ಹಿಂದಿನಿಂದ ಬೆಲ್ಲು ಕೇಳಿತು. ಹೇಮಪ್ಪ ಗಾಳಿಯಂತೆ ಬಂದು ಪಕ್ಕಕ್ಕೆ ಸರಿದ. ಹಲ್ಲು ಕಿಸಿದು ನಗುತ್ತಿದ್ದ.

"ನಿನ್ನ ಮಾತು ಖರೆ ಆತು ನೋಡೋ! ಹೆಂಗ ಹಾರತೈತಿ ಅಂತೀನಿ!"

ಹೇಮಪ್ಪನ ಬೆನ್ನು ಸಣ್ಣದಾಗುತ್ತ ದೂರ ಹೋಯಿತು. ಈ ದಾರಿ ಹೀಗೇ ಸಪಾಟಾಗಿ ಕೊಪ್ಪಳದ ತನಕ ಹೋಗಿಬಿಟ್ಟರೆ ತಾನು ಮಾಡಿದ್ದು ಪಾಪವೇ ಆಗುವುದಿಲ್ಲ ಎಂದು ಒಂದು ಗಳಿಗೆ ಯಂಕೋಬನಿಗೆ ಅನ್ನಿಸಿತು. ಆದರೆ ದಾರಿ ಯಾರ ಮಾತನ್ನೂ ಕೇಳುವುದಿಲ್ಲ.

ಕುಷ್ಟಗಿ ಹಿಂದಾಯಿತು. ಮಂಗಳೂರಿನ ಕಡೆಯ ಏರುಗಳು ಎದುರಾದವು. ಸಮುದ್ರದ ದಂಡೆಯ ಮಂಗಳೂರಲ್ಲ, ನಮ್ಮ ಯಲಬುರ್ಗಾ ಸೀಮೆಯದು. ನೆತ್ತಿಯ ಮೇಲೆ ಬಿಸಿಲು, ಎದೆಗೆ ಗಾಳಿ. ಯಂಕೋಬನ ಚಕ್ರ ನಿಧಾನವಾಗಿ, ನಿಲ್ಲದೆ, ಹತ್ತುತ್ತಲೇ ಇತ್ತು. ಏರಿನ ನಡುವೆ ಒಬ್ಬ ಮನುಷ್ಯ ಸೈಕಲ್ ಹಿಡಿದು ಕುಂಟುತ್ತ ನಡೆದಿದ್ದ. ಹೇಮಪ್ಪ. ಮೊಣಕಾಲು ಬಾತಿತ್ತು.

ಯಂಕೋಬ ಬ್ರೇಕು ಹಿಡಿಯಲು ಹೋದ.

"ನಿಂದರಬ್ಯಾಡೋ! ನೀ ಹೋಗು" ಎಂದು ಹೇಮಪ್ಪನೇ ಕೈ ಬೀಸಿದ. "ಚಕ್ರ ಛಲೋನ ಐತಿ, ನನ್ನ ಕಾಲಾಗ ಕಸುವಿಲ್ಲ. ನಮ್ಮೂರಿಗೆ ಕಡಗ ಬರ್ಲಿ, ನಡಿ ತಮ್ಮಾ."

ಬೈದಿದ್ದರೆ ಯಂಕೋಬ ನಿಲ್ಲುತ್ತಿದ್ದನೇನೋ. ಹೇಮಪ್ಪ ಹರಸಿದ. ಯಂಕೋಬ ತಲೆ ತಗ್ಗಿಸಿ ತುಳಿದ.

ಕೊಪ್ಪಳದಲ್ಲಿ ಜನವೆಲ್ಲ ಗೆದ್ದವನನ್ನು ನೋಡಲು ಕೋಟೆಯ ಮೇಲೆ ಹತ್ತಿದ್ದರು. ಸಾಣಾಪುರದಿಂದ ಲಾರಿಯಲ್ಲಿ ಬಂದ ಮುದುಕವ್ವ ಮಾತ್ರ ಹತ್ತಲಾರದೆ ಕೆಳಗೆ ಸೈಕಲ್ ಬಿಡುವ ಜಾಗದ ಬೇವಿನ ಮರದ ಬುಡದಲ್ಲಿ ಕೂತಿದ್ದಳು. ಮಡಿಲಲ್ಲಿ ಒಂದು ತಂಬಿಗೆ ಮಜ್ಜಿಗೆ. ಅಲ್ಲಿಗೆ ಬರುವ ಇಳಿಜಾರಿನಲ್ಲಿ ತುಳಿಯುವುದನ್ನು ಬಿಟ್ಟು ಯಂಕೋಬ ಇಳಿದು ಬಂದಾಗ ಚಕ್ರ ಮಾತಾಡಿತು. ಟಿಕ್‌ಟಕ್ಕ... ಟಿಕ್‌ಟಕ್ಕ...

ಮುದುಕವ್ವನ ಮುಖ ಅರಳಿತು.

"ಬಂದಿ ಏನೋ ನನ್ನಪ್ಪಾ! ಎಲ್ಲಾರಕಿಂತ ಮೊದಲ ಬಂದಿ! ಬಾ, ಕುಡಿ. ಮಾತಾಡಬ್ಯಾಡ, ಉಸುರು ಹಿಡಿದಿಟ್ಕೊ."

ನಾನು ಯಂಕೋಬ ಎನ್ನಬೇಕಿತ್ತು. ಎಂದರೆ ಚಕ್ರದ ಮಾತು ಬರುತ್ತದೆ. ಮಾತಾಡಬ್ಯಾಡ ಎಂದು ಅವಳೇ ಹೇಳಿದಳಲ್ಲ ಎಂದು ಮನಸ್ಸು ದಾರಿ ಹುಡುಕಿಕೊಟ್ಟಿತು. ತಂಬಿಗೆ ಇಸಕೊಂಡು ಗಟಗಟ ಕುಡಿದ. ಅವಳು ಸೆರಗಿನ ಗಂಟು ಬಿಚ್ಚಿ, ತಡವರಿಸುತ್ತ, ಹುಲಿಗೆವ್ವನ ಭಂಡಾರದ ಅರಿಸಿನವನ್ನು ಅವನ ಹಣೆಗೆ ಹಚ್ಚಿದಳು. ಆ ಬೆರಳು ಬಿಸಿಯಾಗಿತ್ತು. ಅವನು ಗುಡ್ಡ ಹತ್ತಿದ, ಗೆದ್ದ, ಕಡಗ ತೊಟ್ಟ. ಡೊಳ್ಳು ಬಡಿದರು. ಹೊಳಿಯಪ್ಪನೇ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದ.

ಕೆಳಗೆ ಇಳಿದಾಗ ಹೇಮಪ್ಪ ಆಗತಾನೇ ಬಂದು ತಾಯಿಯ ಮುಂದೆ ಕೂತಿದ್ದ.

"ಯವ್ವಾ, ಭಾಳ ನೀರಡಿಕಿ ಆಗೈತಿ. ಮಜ್ಜಿಗಿ ಕೊಡು."

"ಆಗಲೇ ಕುಡದು ಹೋದೆಲ್ಲೋ!"

"ನಾ ಈಗ ಬಂದೀನವ್ವಾ."

"ನಿನ್ನ ಗಾಲಿ ಸಪ್ಪಳ ಕೇಳಿದ್ನೆಲ್ಲೋ. ಭಂಡಾರ ಹಚ್ಚಿದ್ನೆಲ್ಲೋ..."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. "ಅವ್ವಗ ಅರಳು ಮರಳು" ಎಂದು ಹೇಮಪ್ಪ ಮೆಲ್ಲಗೆ ಅವಳ ಬೆನ್ನು ಸವರಿದ. ಅಷ್ಟರೊಳಗೆ ಯಂಕೋಬ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡಿದ್ದ. ಮುದುಕವ್ವ ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿ, ತೆಗೆದು, ಮತ್ತೆ ಮುಚ್ಚಿ ನೋಡಿದಳು.

"ಕಣ್ಣು ಹೋಗಿದ್ವು. ಇವೂ ಹೋದ್ವು ನೋಡು."

ಅಂದಿನಿಂದ ಮುದುಕವ್ವ ಯಾರನ್ನೂ ಹೆಸರು ಹಿಡಿದು ಕರೆಯಲಿಲ್ಲ. ಹೊಸ್ತಿಲಲ್ಲಿ ಹೆಜ್ಜೆ ಸದ್ದಾದರೆ "ಯಾರಪಾ?" ಎನ್ನುವಳು. ಮಗ ಬಂದರೂ ಅದೇ ಮಾತು. ಹೇಮಪ್ಪನ ಸೈಕಲ್ಲಿನ ಸಪ್ಪಳ ಬದಲಾದದ್ದು ಅವಳಿಗೆ ಕೇಳುತ್ತಿತ್ತು. ಅದೂ ತನ್ನ ಕಿವಿಯದೇ ದೋಷವೆಂದು, ಹೇಳಿದರೆ ನಗುತ್ತಾರೆಂದು, ಸುಮ್ಮನಾದಳು. ಪಕ್ಕದ ಗೋಡೆಯಾಚೆ ಮಲಗಿದ ಯಂಕೋಬನಿಗೆ ಆ "ಯಾರಪಾ?" ಕೇಳಿದಾಗಲೆಲ್ಲ, ತನ್ನನ್ನೇ ಕೇಳಿದಂತಾಗುತ್ತಿತ್ತು.

ಗೌರಿ ಹುಣ್ಣಿಮೆ ಬಂತು. ಹೇಮಪ್ಪ ತಾಯಿಯನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಹೊರಟ. ಬಾತ ಮೊಣಕಾಲಿನಲ್ಲಿ ಹದಿನೆಂಟರ ಚಕ್ರ ತುಳಿಯಲಾಗದೆ, ಊರು ದಾಟುತ್ತಲೇ ಇಳಿದು ತಳ್ಳತೊಡಗಿದ.

"ಹಳೇ ಚಕ್ರ ತಿರುಗಿ ಹಾಕಿಸ್ಕೊಳ್ಳೋ" ಎಂದ ಹೊಳಿಯಪ್ಪ.

"ಹಳೇದ ಕೊಟ್ಟು ಹೊಸಾದ ಇಸ್ಕೊಂಡೀನಿ, ಮಾವ. ಈಗ ತಿರುಗಿ ಕೇಳಿದ್ರ ಚಂದ ಕಾಣತೈತೇನು? ಈ ಚಕ್ರನೂ ಶಾಣ್ಯಾ ಐತಿ, ನಡಿಯೂದ ಕಲಸ್ತೈತಿ."

ಅಂಗಡಿಯಲ್ಲಿ ಕೂತ ಯಂಕೋಬನಿಗೆ ಪ್ರತಿ ಮಾತೂ ಕೇಳಿತು. ಪಂದ್ಯ ಮುಗಿದ ರಾತ್ರಿಯೇ ಬಿಚ್ಚಿ ಬಚ್ಚಿಟ್ಟ ಆ ಹಳೆಯ ಚಕ್ರವನ್ನು ಏನಾದರೂ ನೆವ ಹೇಳಿ ಕೊಟ್ಟುಬಿಡಬಹುದಿತ್ತು. ಅವ್ವನ ಸಲುವಾಗಿ ಹಾಕೀನಿ ಹೇಮಣ್ಣ ಎಂದರೆ ಹೇಮಪ್ಪ ಮತ್ತೊಮ್ಮೆ ಹರಸುತ್ತಿದ್ದ. ಆದರೆ ಮುದುಕವ್ವನ ಕಿವಿ? ನೆವದಿಂದ ಅದು ತಿರುಗಿ ಬರುತ್ತಿರಲಿಲ್ಲ. ಅದನ್ನು ಕೊಡಬೇಕಾದರೆ ಬಾಯಿ ಬಿಡಬೇಕು, ಬಾಯಿ ಬಿಟ್ಟರೆ ಈ ಊರಲ್ಲಿ ಅವನ ಮಾತಿಗೆ ಇದ್ದ ಬೆಲೆ ಹೋಗುತ್ತದೆ. ಒಂದು ತಿಂಗಳು ಅವನು ಅದನ್ನೇ ನುಂಗಿ ಉಗುಳಿ ದಿನ ದೂಡಿದ. ಹನುಮಪ್ಪನ ಪಟದ ಮುಂದೆ ಊದಿನಕಡ್ಡಿ ಹಚ್ಚಲು ಕೈ ಏಳಲಿಲ್ಲ.

ಹೊಸ್ತಿಲ ಹುಣ್ಣಿಮೆಯ ದಿನ ಅವನು ನಸುಕಿನಲ್ಲೇ ಹೋಗಿ ಹುಲಿಗಿ ದಾರಿಯ ಏರಿನ ಬುಡದಲ್ಲಿ ಕೂತ. ಬಿಸಿಲು ಬಂಡೆಗಳಿಗೆ ಹತ್ತುವ ಹೊತ್ತಿಗೆ ಹೇಮಪ್ಪ ಸೈಕಲ್ ತಳ್ಳುತ್ತ ಬಂದ. ಕ್ಯಾರಿಯರ್ ಮೇಲೆ ಮುದುಕವ್ವ. ಹೆಜ್ಜೆ ಕೇಳಿ ಅವಳು ಕೇಳಿದಳು.

"ಯಾರಪಾ?"

ಯಂಕೋಬ ಟವೆಲಿನ ಗಂಟು ಬಿಚ್ಚಿ ಹಳೆಯ ಚಕ್ರವನ್ನು ತೆಗೆದ. ಅವಳ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಿರುಗಿಸಿದ.

ಟಿಕ್‌ಟಕ್ಕ... ಟಿಕ್‌ಟಕ್ಕ...

ಮುದುಕವ್ವ ಉಸಿರು ಹಿಡಿದು ಕೇಳಿದಳು.

"ಇನ್ನೊಮ್ಮೆ ತಿರುಗಿಸು."

ತಿರುಗಿಸಿದ.

"ಇದ ಸಪ್ಪಳ. ಅವತ್ತ ಕೇಳಿದ್ದು ಇದ." ಅವಳ ಕೈ ಗಾಳಿಯಲ್ಲಿ ಹುಡುಕಿ ಅವನ ಹಣೆಯನ್ನು ಮುಟ್ಟಿತು. "ಈ ಹೆಜ್ಜಿನೂ ಗೊತ್ತಿತ್ತು ನನಗ. ಯಂಕೋಬ ಏನೋ ನೀನು?"

"ಹೂಂ ಯವ್ವಾ. ಅವತ್ತ ಮಜ್ಜಿಗಿ ಕುಡದಾಂವ ನಾನು. ನಿನ್ನ ಕಿವಿಗೆ ಏನೂ ಆಗಿಲ್ಲ. ಈ ಚಕ್ರ ನನಗ ಬೇಕಾಗಿತ್ತು. ಅದಕ್ಕ ಹೇಮಣ್ಣಗ ಸುಳ್ಳು ಹೇಳಿದೆ."

ಹೇಮಪ್ಪ ಹ್ಯಾಂಡಲ್ ಹಿಡಿದುಕೊಂಡೇ ನಿಂತಿದ್ದ. ಚಕ್ರ ನೋಡಿದ, ಯಂಕೋಬನ ಮುಖ ನೋಡಿದ, ಮುಂದಿನ ಏರನ್ನು ನೋಡಿದ.

"ಕೇಳಿದ್ರ ಕೊಡ್ತಿದ್ನೆಲ್ಲೋ."

ಅಷ್ಟೇ. ಯಂಕೋಬನಿಗೆ ಅದಕ್ಕಿಂತ ದೊಡ್ಡ ಏಟು ಬೇಕಿರಲಿಲ್ಲ. ಮುದುಕವ್ವ ಮಾತ್ರ ತನ್ನ ಎರಡೂ ಕಿವಿಗಳನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡಳು, ಕಳೆದ ಓಲೆ ಸಿಕ್ಕವರ ಹಾಗೆ. ಆಮೇಲೆ ಕೇಳಿದಳು.

"ಮಜ್ಜಿಗ್ಯಾಗ ಉಪ್ಪು ಬರೋಬ್ಬರಿ ಇತ್ತಿಲ್ಲೋ?"

ಯಂಕೋಬನ ಕಣ್ಣು ತುಂಬಿ ಬಂತು. "ಇತ್ತಬೇ" ಎಂದ.

ಅವಳು ಸೆರಗು ಹರಡಿ ಉಡಿಯೊಡ್ಡಿದಳು. ಅವನು ಎಣ್ಣೆಗಪ್ಪು ಹಿಡಿದ ಆ ಚಕ್ರವನ್ನು ಅದರಲ್ಲಿಟ್ಟ. ಕೈಯಿಂದ ಬೆಳ್ಳಿ ಕಡಗ ಕಳಚಿ ಅದರ ಪಕ್ಕಕ್ಕಿಟ್ಟ.