ಹಲ್ಲಿಗೆ ಕಚ್ಚಿದ ದಾರ

ದಾರ ನಡುಗುತ್ತಿದೆ, ಗಾಳಿಗಲ್ಲ, ಫ್ಯಾನು ಸಣ್ಣಗೆ ತಿರುಗುತ್ತಿದೆ ಅಷ್ಟೆ, ನಡುಕ ಹುಟ್ಟುತ್ತಿರುವುದು ಅವಳ ಹಲ್ಲುಗಳ ನಡುವೆಯೇ, ಅಲ್ಲಿಂದ ದಾರದಗುಂಟ ಇಳಿದು ಬೆರಳಿಗೆ ಬಂದು ಮುಟ್ಟುತ್ತಿದೆ, ಮುಂದಿನ ಕುರ್ಚಿಯಲ್ಲಿ ಮಗಳು ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದ್ದಾಳೆ, ಎರಡೂ ಕೈಯಿಂದ ಹುಬ್ಬಿನ ಮೇಲೂ ಕೆಳಗೂ ಚರ್ಮ ಎಳೆದು ಹಿಡಿದಿದ್ದಾಳೆ, ಶುರು ಮಾಡಮ್ಮ, ಕೈ ನೋಯುತ್ತೆ — ಮಾಡ್ತೀನಿ ತಾಯಿ, ಒಂದು ನಿಮಿಷ, ಆದರೆ ದಾರ ಕಚ್ಚಿಕೊಂಡವಳು ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಒಂದು ತುದಿ ಹಲ್ಲಿಗೆ, ಒಂದು ತುದಿ ಎಡಗೈಗೆ, ನಡುವೆ ಬಲಗೈ ಬೆರಳಲ್ಲಿ ತಿರುಚು, ಹಲ್ಲು ಎಳೆದರೆ ತಿರುಚು ಓಡುತ್ತದೆ, ಓಡಿದ ದಾರಿಯಲ್ಲಿ ಸಿಕ್ಕ ಕೂದಲು ಬುಡಸಮೇತ ಬರುತ್ತದೆ, ಹದಿನೆಂಟು ವರ್ಷದಿಂದ ಈ ಹಲ್ಲು ಅವಳಿಗೆ ಮೂರನೇ ಕೈ, ಕತ್ತಲೆಯಲ್ಲಿ ಕೂರಿಸಿದರೂ ಹುಬ್ಬು ತೀಡುತ್ತಿದ್ದಳು, ಈಗ ನೋಡಿ, ನಾಲಿಗೆ ಮತ್ತೆ ಶುರು ಮಾಡಿತು, ಕೆನ್ನೆಯ ಒಳಗೋಡೆಯನ್ನು ತಡವಿ, ತುಟಿಯಾಚೆ ಇಣುಕಿ, ಒಳಗೋಡಿ, ಮತ್ತೆ ಇಣುಕಿ, ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ, ಇದಕ್ಕೆ ನಾಚಿಕೆಯೂ ಇಲ್ಲ, ದವಡೆ ಬೇರೆ ಏನನ್ನೋ ಜಗಿಯುತ್ತಿದೆ, ಬಾಯಲ್ಲಿ ಏನೂ ಇಲ್ಲದೆಯೇ ಜಗಿಯುತ್ತಿದೆ, ಬೆಳಿಗ್ಗೆಯಿಂದ ಸಂಜೆಯವರೆಗೆ, ಇದಕ್ಕೊಂದು ಊಟದ ಬಿಡುವು ಕೂಡ ಬೇಡ. ಏನ್ ಆಂಟಿ, ಒಬ್ಬರೇ ತಿಂತಿದ್ದೀರಾ, ನಮಗೂ ಸ್ವಲ್ಪ ಕೊಡಿ, ಎಂದು ಕಾಲೇಜಿನ ಹುಡುಗಿಯರು ನಕ್ಕಾಗ ಅವಳೂ ನಕ್ಕಿದ್ದಳು, ಆದರೆ ಆ ಶಾಲೆ ಟೀಚರು ನಡುವೆ ಕಣ್ಣು ಬಿಟ್ಟು, ತನ್ನ ಮುಖದಿಂದ ಗೇಣು ದೂರದಲ್ಲಿ ಹೊರಚಾಚಿದ ನಾಲಿಗೆ ನೋಡಿ, ಏನ್ರೀ, ನನ್ನ ಮುಖ ನೋಡಿ ಅಣಕಿಸ್ತಿದ್ದೀರಾ, ಎಂದು ಒಂದೇ ಹುಬ್ಬು ಮಾಡಿಸಿಕೊಂಡು ಎದ್ದು ಹೋದ ದಿನ ನಗು ಬರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂದಲು ಕತ್ತರಿಸುವವಳಿಗೆ ಕೈಯೂ ಬಾಯಿಯೂ ಒಂದೇ ವೇಗ, ಎಲ್ಲರೂ ಕರೆಯುವುದೇ ಕತ್ತರಿ ಎಂದು, ಆ ಕತ್ತರಿ, ಇವತ್ತು ರಜೆ, ಒಮ್ಮೆ ಹೇಳಿದ್ದಳು, ಬಾಯಿ ಯಾಕಕ್ಕ, ದಾರ ಕುತ್ತಿಗೆಗೆ ಕಟ್ಕೊಳ್ಳಿ, ಈಗಿನವರೆಲ್ಲ ಹಾಗೇ ಮಾಡೋದು, ಕಟ್ಟಿಕೊಂಡು ನೋಡಿದಳು, ಆಗಲಿಲ್ಲ, ಎಷ್ಟು ಎಳೆಯಬೇಕು ಎಲ್ಲಿ ಬಿಡಬೇಕು ಎಂಬುದೆಲ್ಲ ಹಲ್ಲಿಗೆ ಗೊತ್ತಿತ್ತು, ಕುತ್ತಿಗೆಗೆ ಏನೂ ಗೊತ್ತಿರಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ತಲೆ ಕಾಯಬೇಕಾದ ಮಾತ್ರೆಯೇ ಬಾಯಿ ಕೆಡಿಸಿ ಕೂತಿದೆ, ಹಾಗೆ ಬೈಯುವುದಕ್ಕೂ ಮನಸ್ಸು ಬರುವುದಿಲ್ಲ, ಅದೇ ಬಿಳಿ ಮಾತ್ರೆ ತಾನೇ ಇಷ್ಟು ವರ್ಷ ಅವಳನ್ನು ಅವಳಾಗಿ ಇಟ್ಟದ್ದು, ಪಾರ್ಲರ್ ತೆರೆಸಿದ್ದು, ಮಗಳಿಗೆ ಜಡೆ ಹಾಕಿಸಿದ್ದು, ಗಂಡನ ಪಕ್ಕ ನಿದ್ದೆ ಮಾಡಿಸಿದ್ದು. ಗಂಡ ಬಸ್ ಡ್ರೈವರು, ಭಾನುವಾರ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಏಳು ಮನೆಯ ಡಬ್ಬಿಗೆ ದಿನಕ್ಕೊಂದರಂತೆ ಏಳು ಮಾತ್ರೆ ಹಾಕಿಡುತ್ತಾನೆ, ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಪಾಪ, ಡಬ್ಬಿ ಟಕ್ಕೆಂದು ಮುಚ್ಚುವ ಸದ್ದಿನಲ್ಲೇ ಅವನ ಪ್ರೀತಿಯೆಲ್ಲ. ಡಾಕ್ಟರಮ್ಮ ಮೊದಲೇ ಹೇಳಿದ್ದರು, ತುಂಬಾ ವರ್ಷ ತಗೊಂಡ್ರೆ ಕೆಲವರಿಗೆ ಬಾಯಿ ನಾಲಿಗೆ ತಾನಾಗೇ ಆಡೋಕೆ ಶುರುವಾಗುತ್ತೆ, ಹಾಗಾದ್ರೆ ತಕ್ಷಣ ಬಂದು ಹೇಳಿ, ಮಾತ್ರೆ ಬದಲಾಯಿಸಬಹುದು, ಅದಕ್ಕೂ ಔಷಧಿ ಇದೆ, ನೀವಾಗೇ ಮಾತ್ರ ನಿಲ್ಲಿಸಬೇಡಿ, — ಹೇಳಿದಳಾ, ಇಲ್ಲ, ಮಾಸ್ಕ್ ಹಾಕಿಕೊಂಡು ಹೋದಳು, ನೆಗಡಿ ಡಾಕ್ಟ್ರೇ ಅಂದಳು, ಬಾಯಿಬಿಟ್ಟರೆ ಬಣ್ಣಗೇಡು, ಹೇಳಿದರೆ ಕಾಯಿಲೆ ಇನ್ನೊಂದು ಹೆಸರು ಹೊತ್ತುಕೊಂಡು ಮನೆಗೆ ಬರುತ್ತದೆ ಎಂದು ಹೆದರಿದಳು. ಆಮೇಲೆ ಮಗಳಿಗೆ ಕೆಲಸ ಸಿಕ್ಕಿತು, ರಕ್ತಪರೀಕ್ಷೆಯ ಲ್ಯಾಬಿನಲ್ಲಿ, ನಾಳೆ ಮೊದಲ ದಿನ, ಸುದ್ದಿ ಬಂದ ದಿನವೇ ಹೇಳಿದ್ದಳು, ಅಮ್ಮಾ ನನ್ನ ಹುಬ್ಬು ನೀನೇ ಮಾಡಬೇಕು, ಬೇರೆ ಯಾರ ಕೈಗೂ ಕೊಡಲ್ಲ, ಅಷ್ಟೇ ಸಾಕಾಯಿತು, ಅವತ್ತಿನಿಂದಲೇ ಲೆಕ್ಕ ಹಾಕಿದಳು, ಒಂದು ವಾರ ಮಾತ್ರೆ ಬಿಟ್ಟರೆ ಬಾಯಿ ಸುಮ್ಮನಾಗುತ್ತದೆ, ಹುಬ್ಬು ಮುಗಿಸಿ ಮತ್ತೆ ಶುರು ಮಾಡಿದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ, ಇವತ್ತಿಗೆ ಆರು ದಿನ. ಬಾಯಿ ಸುಮ್ಮನಾಗಲಿಲ್ಲ, ಮೊದಲಿಗಿಂತ ಹೆಚ್ಚಾಗಿ ಆಡುತ್ತಿದೆ, ಜೊತೆಗೆ ಇವತ್ತು ಬೆಳಿಗ್ಗೆ ಶಟರ್ ಎತ್ತಿ ಫ್ಯಾನು ಹಾಕಿದ ಕೂಡಲೇ ಆ ಸದ್ದಿನೊಳಗೆ ಇನ್ನೊಂದು ಸದ್ದು, ಗುಣುಗುಣು, ಇನ್ನೂ ಮಾತಾಗಿಲ್ಲ, ಪಕ್ಕದ ಮನೆಯಲ್ಲಿ ಯಾರೋ ಅವಳ ಬಗ್ಗೆಯೇ ಮಾತಾಡುತ್ತಿದ್ದಾರೆ ಅನ್ನುವ ಹಾಗೆ. ಈ ಗುಣುಗುಣು ಅವಳಿಗೆ ಹೊಸತಲ್ಲ.

ಅತ್ತ ದರಿ ಇತ್ತ ಪುಲಿ, ಎಳೆ ದಾರ, ಎಳೆ, ಎಳೆದಳು, ನಾಲ್ಕು ಕೂದಲು ನೀಟಾಗಿ ಬಂದವು, ಸದ್ಯ, ಇನ್ನು ನಾಲ್ಕು, ಮಗಳು ಮೂಗು ಸುಕ್ಕಿಸಿದಳು, ಚಿಕ್ಕವಳಿದ್ದಾಗಲೂ ಹೀಗೇ ಸುಕ್ಕಿಸುತ್ತಿದ್ದಳು, ಮೂರೂವರೆ ವರ್ಷ ಆಗ, ಆಗಲೂ ತಾಯಿ ಹೀಗೇ ಮಾತ್ರೆ ಬಿಟ್ಟಿದ್ದಳು, ಚೆನ್ನಾಗಿದ್ದೀನಲ್ಲ ಇನ್ಯಾಕೆ ಎಂದು, ಹದಿನೈದು ದಿನ ಎಲ್ಲ ಸರಿಯಿತ್ತು, ಆಮೇಲೆ ಫ್ಯಾನು ಮಾತಾಡಿತು, ಈ ಕೂಸಿಗೆ ರೆಕ್ಕೆ ಇದೆ, ನೀನು ಕಟ್ಟಿಹಾಕಿದ್ದೀಯ, ಹಾರಿಸು, ಮಧ್ಯಾಹ್ನದ ಬಿಸಿಲು, ತಾರಸಿಯ ಮೇಲೆ ಒಣಗಿದ ಬಟ್ಟೆ, ಅಡ್ಡಗೋಡೆ, ಅದರ ಆಚೆ ಮೂರು ಮಹಡಿ ಕೆಳಗಿನ ರಸ್ತೆ, ರಸ್ತೆಯ ಮೇಲೆ ಗಾಳಿಯಲ್ಲಿ ಎರಡು ಪುಟ್ಟ ಕಾಲು, ಒಂದಕ್ಕೆ ಹಳದಿ ಕಾಲುಚೀಲ, ಇನ್ನೊಂದು ಬರಿಗಾಲು, ಕೆಳಗಿನಿಂದ ಇಸ್ತ್ರಿಯವನು ಕೂಗಿದ್ದು, ಅವನು ಮೆಟ್ಟಿಲು ಹತ್ತಿ ಓಡಿ ಬಂದದ್ದು, ಅಷ್ಟೇ, ಎಷ್ಟು ಸಲ ನೆನೆದರೂ ಕಾಣುವುದು ಆ ಕಾಲುಗಳು, ಉಳಿದದ್ದೆಲ್ಲ ಅಳಿಸಿಹೋಗಿದೆ, ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ಮಗಳು ಹೊಸ ಚಪ್ಪಲಿ ತೋರಿಸಿದಾಗ, ಹಳದಿ ಕಾಲುಚೀಲ, ಬರಿಗಾಲು. ಮಗಳಿಗೆ ನೆನಪಿಲ್ಲ, ಮೂರೂವರೆ ವರ್ಷದ ಕೂಸಿಗೆ ಏನು ನೆನಪಿರುತ್ತದೆ, ಆ ಒಂದು ನಂಬಿಕೆಯ ಮೇಲೆ ಅವಳು ಇಷ್ಟು ವರ್ಷ ಮಗಳ ಮುಖ ನೋಡಿ ಬದುಕಿದ್ದಾಳೆ — ಅಯ್ಯೋ, ನಾಲಿಗೆ ಒದೆಯಿತು, ದವಡೆ ಜಾರಿತು, ತಿರುಚು ಹಾರಿ ಎಡಹುಬ್ಬಿನ ತುದಿಯನ್ನೇ ಕಿತ್ತುಕೊಂಡು ಬಂತು, ಸಣ್ಣಗೆ ರಕ್ತ.

ಆಯ್, ಎಂದು ಮಗಳು ಎದ್ದು ಕೂತಳು, ಕನ್ನಡಿ ನೋಡಿದಳು, ಬೈಯಲಿಲ್ಲ, ಪರ್ವಾಗಿಲ್ಲ ಬಿಡಮ್ಮ, ಪೆನ್ಸಿಲಲ್ಲಿ ತಿದ್ಕೋತೀನಿ, ಸ್ವಲ್ಪ ಪೌಡರ್ ಹಚ್ಚು, ಬೆವರಿಗೆ ಜಾರ್ತಿದೆ, ಎಂದು ತಾನೇ ಕೈ ಚಾಚಿ, ಮುಂದಿದ್ದ ಪೌಡರ್ ಡಬ್ಬಿ ಖಾಲಿಯಾಗಿತ್ತು, ಕನ್ನಡಿಯ ಹಿಂದಿನ ಡಬ್ಬಿ ತೆಗೆದುಕೊಂಡಳು, ಬೇಡ ಅನ್ನಬೇಕು, ದಾರ ಇನ್ನೂ ಹಲ್ಲಿನಲ್ಲಿತ್ತು, ಮಗಳು ಮುಚ್ಚಳ ತೆಗೆದು ಅಂಗೈಗೆ ಸುರಿದುಕೊಂಡಳು, ಪೌಡರಿನ ಜೊತೆ ಬಿದ್ದವು ಬಿಳಿ ಮಾತ್ರೆ, ಒಂದು, ಎರಡು, ಆರು. ಲ್ಯಾಬಿನ ಹುಡುಗಿ ತಾನೇ, ಕೇಳುವ ಮುಂಚೆಯೇ ಎಣಿಸಿದ್ದಳು, ಆರು ದಿನಾನಾ, ಹ್ಞೂಂ, ಅಪ್ಪಂಗೆ ಗೊತ್ತಾ, ಇಲ್ಲ, ಯಾಕಮ್ಮ, — ನಿನ್ನ ಹುಬ್ಬಿಗೆ ಎಂದಳು, ಅಂದ ಮೇಲೆ ಅದು ಎಂಥ ಹುಚ್ಚು ಮಾತು ಅನ್ನಿಸಿ ಅಳು ಬಂತು, ಅಳುವಾಗಲೂ ದವಡೆ ಜಗಿಯುತ್ತಲೇ ಇತ್ತು, ಅಳುವುದಕ್ಕೂ ನೆಟ್ಟಗೆ ಬಿಡದ ಬಾಯಿ, ಫ್ಯಾನು ಮಾತಾಡೋಕೆ ಶುರು ಮಾಡಿದೆ ಕಣೇ, ಎಂದಳು, ಹದಿನೆಂಟು ವರ್ಷದಲ್ಲಿ ಮೊದಲ ಸಲ ಯಾರೂ ಕೇಳದೆ ತಾನಾಗಿ ಹೇಳಿದಳು. ಮಗಳು ಎದ್ದು ಹೋಗಿ ಫ್ಯಾನು ಆರಿಸಿದಳು. ಈಗ, — ಈಗಲೂ ಸ್ವಲ್ಪ. ಸರಿ, ನಡಿ, ಡಾಕ್ಟರ್ ಹತ್ರ ಹೋಗೋಣ, ಇವತ್ತೇ, ಮಾಸ್ಕ್ ಬೇಡ, ನಾಲಿಗೇನೂ ಅವರು ನೋಡಲಿ, — ನಿನ್ನ ಹುಬ್ಬು, ಅರ್ಧಕ್ಕೆ ನಿಂತಿದೆಯಲ್ಲೇ, ನಾಳೆ ಮೊದಲ ದಿನ, — ಒಂದೂವರೆ ಹುಬ್ಬಲ್ಲಿ ಹೋಗ್ತೀನಿ, ರಕ್ತ ತೆಗೆಯೋದು ಕೈಯಿಂದ, ಹುಬ್ಬಿಂದ ಅಲ್ಲ, ನಡಿ. ನಿನಗೆ ಗೊತ್ತಿಲ್ಲ ಕಣೇ, ಹೋದ ಸಲ ಹೀಗೆ ಬಿಟ್ಟಾಗ ನಾನು ಏನು ಮಾಡಿದ್ದೆ ಅಂತ ಗೊತ್ತಿಲ್ಲ ನಿನಗೆ, — ಗೊತ್ತು. ಮಗಳು ಅಂಗೈಯ ಪೌಡರು ಒರೆಸಿಕೊಳ್ಳುತ್ತ, ಅವಳ ಕಡೆ ನೋಡದೆ ಹೇಳಿದಳು, ತಾರಸಿ ಗೋಡೆ ಮೇಲೆ ನನ್ನನ್ನ ಕೂರಿಸಿದ್ದೆ, ಬಿಸಿ ಇತ್ತು, ತೊಡೆ ಸುಡ್ತಿತ್ತು.

ಪಾರ್ಲರಿನ ಮೂರೂ ಕನ್ನಡಿಗಳಲ್ಲಿ ಅವಳ ಬಾಯಿ ಆಡುತ್ತಿತ್ತು, ಮಗಳಿಗೆ ಗೊತ್ತಿತ್ತು, ಇಷ್ಟು ವರ್ಷವೂ ಗೊತ್ತಿತ್ತು, ಗೊತ್ತಿದ್ದೇ ತಲೆ ಬಾಚಿಸಿಕೊಂಡಳು, ಗೊತ್ತಿದ್ದೇ ಈಗಷ್ಟೇ ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿ ಕೂತಿದ್ದಳು, ಕತ್ತಿನ ನರ ಕಾಣುವ ಹಾಗೆ, ಅದು ಹೇಗೆ ಸಾಧ್ಯ, ಭಯ ಆಗಲಿಲ್ವೇನೇ, ಎಂದು ಕೇಳಿದ್ದು ತನ್ನದೇ ಧ್ವನಿಯೋ ಅಲ್ಲವೋ, ಭಯ ನೆನಪಿಲ್ಲಮ್ಮ, ಇಲ್ಲಿ ನೋವು ನೆನಪಿದೆ, ಎಂದು ಮಗಳು ತನ್ನ ಪಕ್ಕೆಲುಬಿನ ಮೇಲೆ ಕೈ ಇಟ್ಟಳು, ಅಷ್ಟು ಬಿಗಿಯಾಗಿ ಹಿಡ್ಕೊಂಡಿದ್ದೆ ನೀನು, ಇಸ್ತ್ರಿ ಮಾವ ಬಂದು ನಿನ್ನ ಬೆರಳು ಒಂದೊಂದಾಗಿ ಬಿಡಿಸಬೇಕಾಯ್ತು, ಬಿಡಲಿಲ್ಲವಂತೆ ನೀನು, ಅವರೇ ಆಮೇಲೆ ಹೇಳಿದ್ರು, ಎಷ್ಟು ಎಳೆದ್ರೂ ನಿಮ್ಮಮ್ಮ ಬಿಡಲಿಲ್ಲ ಅಂತ — ಬಿಸಿಲು, ಅಡ್ಡಗೋಡೆ, ಗಾಳಿಯಲ್ಲಿ ಹಳದಿ ಕಾಲುಚೀಲ, ಬರಿಗಾಲು, ಕಾಲಿನ ಮೇಲೆ ಫ್ರಾಕು, ಫ್ರಾಕಿನ ಸುತ್ತ ಬಿಳಿಚಿಕೊಂಡ ಬೆರಳು, ತನ್ನವು, ಹತ್ತೂ ತನ್ನವೇ, ಗಟ್ಟಿಯಾಗಿ, ಬಿಡದೆ, ಗಾಳಿಯಲ್ಲಿ ಬರಿಗಾಲು, ಮೇಲೆ ತನ್ನ ಬೆರಳು, ಬಿಟ್ಟಿಲ್ಲ, ಬೆರಳು, ಬಿಟ್ಟಿಲ್ಲ —